ಎರಡು ದನಿಯ ಡ್ರೈವರ್

"ಗುರುಗಳೇ, ತಪ್ಪು ಮಾಡದವನು ಕ್ಯಾಮೆರಾದ ಮೇಲೆ ಟವೆಲ್ ಯಾಕೆ ಹಾಕುತ್ತಾನೆ?"

ಕೇಳಿದವನು ಚೆನ್ನವೀರ. ಕೇಳಿಸಿಕೊಂಡವರು ಪರಸಪ್ಪ ಗುರುಗಳು. ಊರಾಚೆಯ ಬಯಲಿನಲ್ಲಿ ಹಳೆಯ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ನಡುವೆ ಲಾರಿ ಓಡಿಸುವುದನ್ನು ಕಲಿಸುವುದು ಗುರುಗಳ ಕಸುಬು. ಅದಕ್ಕೂ ಮುಂಚೆ ಇಪ್ಪತ್ತೈದು ವರ್ಷ ತಾವೇ ಲಾರಿ ಓಡಿಸಿದವರು. ಅವರ ಮಾತನ್ನು ನಂಬುವುದಾದರೆ, ಒಮ್ಮೆ ಮುಂದಿನ ಗೇರುಗಳೆಲ್ಲ ಕೈಕೊಟ್ಟಾಗ ದಾವಣಗೆರೆಯಿಂದ ಹುಬ್ಬಳ್ಳಿಯವರೆಗೆ ರಿವರ್ಸಿನಲ್ಲೇ ಹೋಗಿ, ನೆಟ್ಟಗೆ ಹೋದವರಿಗಿಂತ ಅರ್ಧ ಗಂಟೆ ಮೊದಲು ಮುಟ್ಟಿದ್ದರು. ನಂಬದವರಿಗೆ ಅವರು ಲಾರಿ ಕಲಿಸುತ್ತಿರಲಿಲ್ಲ.

ಚೆನ್ನವೀರ ನಂಬಿ ಕಲಿತವನು. ಈಗ ಅವನು ಲಾರಿ ಓಡಿಸುತ್ತಿರಲಿಲ್ಲ. ಬೆನ್ನುನೋವು ಬಂದ ಮೇಲೆ ಲಾರಿ ಆಫೀಸಿನಲ್ಲಿ ಕೂತು, ಓಡಿಸುವವರನ್ನು ನೋಡುತ್ತಿದ್ದ. ಪ್ರತಿ ಲಾರಿಯ ಕ್ಯಾಬಿನ್ನಿನಲ್ಲಿ ಒಂದು ಕ್ಯಾಮೆರಾ ಇತ್ತು. ಅದರ ಮುಖ ರಸ್ತೆಯ ಕಡೆಗಲ್ಲ, ಡ್ರೈವರನ ಕಡೆಗೆ. ಡ್ರೈವರ್ ಆಕಳಿಸಿದರೆ ಪರದೆಯ ಮೇಲೆ ಕೆಂಪು ಗುರುತು ಬೀಳುತ್ತಿತ್ತು. ಪಕ್ಕಕ್ಕೆ ತಿರುಗಿದರೂ ಬೀಳುತ್ತಿತ್ತು.

ದ್ಯಾಮಣ್ಣ ಎಂಬ ಡ್ರೈವರ್ ಆ ಕ್ಯಾಮೆರಾದ ಮೇಲೆ ಮೂರು ಸಲ ಟವೆಲ್ ಹಾಕಿದ್ದ. ಮೂರನೆಯ ನೋಟಿಸು ಚೆನ್ನವೀರನ ಜೇಬಿನಲ್ಲಿತ್ತು. ಅವನು ಸಂಜೆಯೊಳಗೆ ಸಹಿ ಹಾಕಿದರೆ ದ್ಯಾಮಣ್ಣನ ಕೆಲಸ ಹೋಗುತ್ತಿತ್ತು. ಹಾಕದಿದ್ದರೆ ಯಾಕೆ ಹಾಕಲಿಲ್ಲವೆಂದು ಮಾಲೀಕನಿಗೆ ಉತ್ತರ ಕೊಡಬೇಕಿತ್ತು. ದ್ಯಾಮಣ್ಣನೂ ಇದೇ ಡ್ರಮ್ಮುಗಳ ನಡುವೆ ಕಲಿತವನು. ಬೆಳಗಿನಿಂದ ಚೆನ್ನವೀರ ಎರಡು ಸಲ ಪೆನ್ನಿನ ಮುಚ್ಚಳ ತೆಗೆದಿದ್ದ, ಎರಡು ಸಲವೂ ಮತ್ತೆ ಹಾಕಿದ್ದ.

"ಅವನನ್ನೇ ಕೇಳಲಿಲ್ಲವೇನಪ್ಪಾ?" ಎಂದರು ಗುರುಗಳು.

"ಕೇಳಿದೆ. 'ಅದು ನೋಡ್ತಾ ಇದ್ರೆ ನಂಗೆ ಲಾರಿ ಓಡಿಸೋಕೇ ಬರಲ್ಲ ಕಣೋ' ಅಂದ. ಇಪ್ಪತ್ತು ವರ್ಷ ಓಡಿಸಿದವನು ಆಡುವ ಮಾತೇ ಇದು? ಕಳ್ಳತನ ಇಲ್ಲದಿದ್ದರೆ ಹೆದರಿಕೆ ಯಾಕೆ?"

ಗುರುಗಳು ಟೀ ಲೋಟ ಕೆಳಗಿಟ್ಟು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ಹತ್ತಿರ ಹನ್ನೆರಡು ಲಾರಿಗಳಿದ್ದವು. ಒಂದೊಂದು ಲಾರಿಗೂ ಒಬ್ಬ ಡ್ರೈವರ್, ಒಬ್ಬ ಕ್ಲೀನರ್. ಆ ಹನ್ನೆರಡು ಡ್ರೈವರುಗಳಲ್ಲಿ ಒಬ್ಬ ಬಹಳ ಒಳ್ಳೆಯ ಡ್ರೈವರ್. ಲೋಕದಲ್ಲಿ ಅವನಿಗಿಂತ ಒಳ್ಳೆಯ ಡ್ರೈವರ್ ಒಬ್ಬನೇ ಇದ್ದ. ಆ ಒಬ್ಬ ಯಾರೆಂದು ನಾನು ಹೇಳುವುದಿಲ್ಲ, ನನ್ನ ಬಾಯಿಂದ ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ.

ಈ ಡ್ರೈವರನ ಕ್ಲೀನರ್ ಅವನ ವಯಸ್ಸಿನವನೇ. ಹತ್ತೊಂಬತ್ತು ವರ್ಷ ಇಬ್ಬರೂ ಒಂದೇ ಲಾರಿಯಲ್ಲಿ ಬಾಳಿದರು. ಇಕ್ಕಟ್ಟಾದ ತಿರುವು ಬಂದರೆ ಡ್ರೈವರ್ "ಎಡಕ್ಕೆ ಹೇಗಿದೆ?" ಎಂದು ಕೇಳುವನು. ಕ್ಲೀನರ್ ಎಡಗಡೆಯ ಕಿಟಕಿಯಿಂದ ತಲೆ ಹೊರಹಾಕಿ, ಕನ್ನಡಿಗೆ ಕಾಣದ ಮೂಲೆಯನ್ನೂ ನೋಡಿ, "ಬರಲಿ, ಬರಲಿ, ಇನ್ನೂ ಒಂದು ಮೊಳ ಇದೆ" ಎನ್ನುವನು. ಜಾಗ ಮುಗಿದರೆ "ಹೋಲ್ಡಾನ್!" ಎಂದು ಬಾಗಿಲು ಬಡಿಯುವನು. ಹಾಗೆ ಕೇಳುತ್ತ ಹೇಳುತ್ತ ಹತ್ತೊಂಬತ್ತು ವರ್ಷ ಲಾರಿಗೆ ಒಂದು ಗೀರು ಬೀಳಲಿಲ್ಲ. ಒಮ್ಮೆ ಎರಡು ಹುಣಸೆಮರಗಳ ನಡುವೆ ಲಾರಿ ತೂರಿಸಿದಾಗ ಎರಡೂ ಕಡೆಯ ಇರುವೆಗಳು ತಮ್ಮ ಪಾಡಿಗೆ ತಾವು ಮರ ಹತ್ತುತ್ತಲೇ ಇದ್ದವಂತೆ.

ಹೀಗಿರುವಾಗ ವ್ಯಾಪಾರಿ ಎಲ್ಲ ಲಾರಿಗಳಿಗೂ ಕ್ಯಾಮೆರಾ ಹಾಕಿಸಿದ.

ಲಾರಿಗೆ ಹೊಸ ಸಾಮಾನು ಬಂದಿದೆಯೆಂದು ಒಬ್ಬ ಡ್ರೈವರ್ ಅದಕ್ಕೆ ಕುಂಕುಮ ಹಚ್ಚಿ ಹೂವು ಮುಡಿಸಿದ. ಇನ್ನೊಬ್ಬ, ಇಷ್ಟು ಹೊತ್ತು ಒಂದೇ ಸಮನೆ ದಿಟ್ಟಿಸಿದರೆ ದೃಷ್ಟಿ ತಾಗುತ್ತದೆಂದು ಅದರ ಕೊರಳಿಗೇ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಮತ್ತೊಬ್ಬ ದಿನಾ ಗಡ್ಡ ಹೆರೆಯತೊಡಗಿದ, ಅವನ ಹೆಂಡತಿ "ಯಾರಿಗೆ ತೋರಿಸೋಕೆ ಈ ಸಿಂಗಾರ?" ಎಂದು ಮೂರು ದಿನ ಮಾತು ಬಿಟ್ಟಳು. ವಯಸ್ಸಾದ ಒಬ್ಬನಂತೂ ಲುಂಗಿ ಬದಲಾಯಿಸಬೇಕಾದಾಗ ಲಾರಿ ನಿಲ್ಲಿಸಿ, ಇಳಿದು, ಚಕ್ರದ ಮರೆಗೆ ಹೋಗುತ್ತಿದ್ದ. ನಗಬೇಡ. ವ್ಯಾಪಾರಿಗೆ ಅದು ಲಾರಿಯ ಮುಂಭಾಗ. ಡ್ರೈವರನಿಗೆ ಅದು ಮನೆ. ಅವನು ಉಣ್ಣುವುದು, ಮಲಗುವುದು, ಮಗಳಿಗೆ ಜ್ವರ ಬಂದ ಸುದ್ದಿ ಕೇಳಿ ಕಣ್ಣೊರೆಸಿಕೊಳ್ಳುವುದು ಎಲ್ಲ ಅಲ್ಲೇ.

ಆಮೇಲೆ ವ್ಯಾಪಾರಿ, "ಕ್ಯಾಮೆರಾ ಇದೆಯಲ್ಲ, ಇನ್ನು ಎರಡನೆಯ ಮನುಷ್ಯ ಯಾಕೆ? ಅದಕ್ಕೆ ಊಟ ಬೇಡ, ಬೀಡಿ ಬೇಡ, ನಿದ್ದೆ ಬೇಡ" ಎಂದು ಹನ್ನೆರಡು ಕ್ಲೀನರುಗಳನ್ನೂ ಮನೆಗೆ ಕಳಿಸಿದ.

ಒಳ್ಳೆಯ ಡ್ರೈವರ್ ಒಬ್ಬಂಟಿಯಾದ. ಆದರೆ ರಸ್ತೆ ಅಗಲವಾಗಲಿಲ್ಲ. ತಿರುವುಗಳೂ ಮೊದಲಿನಷ್ಟೇ ಇದ್ದವು. ಅವನು ಒಂದು ಉಪಾಯ ಮಾಡಿದ. ತಿರುವು ಬಂದರೆ ಲಾರಿಯನ್ನು ನಿಧಾನ ಮಾಡಿ, ತನ್ನ ದನಿಯಲ್ಲಿ "ಎಡಕ್ಕೆ ಹೇಗಿದೆ?" ಎಂದು ಕೇಳುವನು. ಆಮೇಲೆ ತಾನೇ ಎಡಕ್ಕೆ ವಾಲಿ, ಕತ್ತು ಚಾಚಿ ನೋಡಿ, ಕ್ಲೀನರನ ಕೀರಲು ದನಿಯಲ್ಲಿ "ಬರಲಿ, ಬರಲಿ" ಎಂದು ಹೇಳುವನು. ದನಿ ಕೇಳಿಸದಿದ್ದರೆ ನೋಡಬೇಕೆಂಬುದೇ ಅವನಿಗೆ ನೆನಪಾಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಅಭ್ಯಾಸ. ಕ್ಲೀನರ್ ಬೈಯುತ್ತಿದ್ದನಲ್ಲ, ಅದನ್ನೂ ಬಿಡಲಿಲ್ಲ. "ಕಣ್ಣು ಮನೇಲಿ ಇಟ್ಟು ಬಂದಿದ್ದೀಯೇನೋ?" ಎಂದು ಆ ದನಿಯಲ್ಲಿ ತನ್ನನ್ನೇ ಬೈದುಕೊಳ್ಳುವನು. ಒಮ್ಮೆ ಆ ಜಗಳ ಎಷ್ಟು ಬೆಳೆಯಿತೆಂದರೆ, ಹತ್ತು ಮೈಲಿ ಅವನು ತನ್ನ ಜೊತೆ ತಾನೇ ಮಾತು ಬಿಟ್ಟಿದ್ದ. ಮುಂದಿನ ತಿರುವಿನಲ್ಲಿ ರಾಜಿಯಾಯಿತು.

ಲಾರಿಗೆ ಗೀರು ಬೀಳಲಿಲ್ಲ. ಪರದೆಯ ಮೇಲೆ ಮಾತ್ರ ಕೆಂಪು ಗುರುತುಗಳು ಮಳೆಯಂತೆ ಸುರಿದವು. ಕ್ಯಾಮೆರಾಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ. ತುಟಿ ಅಲ್ಲಾಡಿದ್ದನ್ನು ಅದು ಫೋನಿನ ಮಾತೆಂದು ಬರೆಯಿತು. ಎಡಕ್ಕೆ ವಾಲಿದ್ದನ್ನು ಅಜಾಗರೂಕತೆಯೆಂದು ಬರೆಯಿತು.

ವ್ಯಾಪಾರಿ ಡ್ರೈವರನನ್ನು ಕರೆಸಿದ.

"ಲಾರಿ ಓಡಿಸುವಾಗ ಯಾರ ಜೊತೆ ಮಾತಾಡ್ತೀಯಾ?"

"ಕ್ಲೀನರ್ ಜೊತೆ, ಸಾವ್ಕಾರ್ರೇ."

"ಕ್ಲೀನರ್ ಇಲ್ಲವಲ್ಲಯ್ಯಾ!"

"ಅದಕ್ಕೇ ಸಾವ್ಕಾರ್ರೇ, ಇಬ್ಬರ ಮಾತೂ ನಾನೇ ಆಡೋ ಹಾಗಾಗಿದೆ."

ಆಫೀಸಿನವರೆಲ್ಲ ನಕ್ಕರು. ವ್ಯಾಪಾರಿ ನಗಲಿಲ್ಲ. ಇನ್ನೂ ಹೀಗೇ ಕೆಂಪು ಗುರುತು ಬೀಳುತ್ತಿದ್ದರೆ ಲಾರಿಯ ಬೀಗದಕೈ ಮೇಜಿನ ಮೇಲಿಟ್ಟು ಹೋಗು ಎಂದ.

ಡ್ರೈವರನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಅವನು ಬಾಯಿ ಮುಚ್ಚಿದ. ಬೆನ್ನು ನೆಟ್ಟಗೆ, ಕೈ ಎರಡೂ ಸ್ಟೀರಿಂಗಿನ ಮೇಲೆ, ಕತ್ತು ಗೂಟ ಹೊಡೆದಂತೆ. ಪಡಿತರ ಚೀಟಿಗೆ ಫೋಟೋ ತೆಗೆಸಿಕೊಳ್ಳುವವರೂ ಅಷ್ಟು ಬಿಗಿಯಾಗಿ ಕೂರುವುದಿಲ್ಲ. ಮೂಗಿನ ಮೇಲೆ ನೊಣ ಕೂತರೆ ಅದಾಗಿಯೇ ಏಳುವವರೆಗೆ ಕಾಯುತ್ತಿದ್ದ. ಕೆಂಪು ಗುರುತು ಕಡಿಮೆಯಾದಂತೆ ಕ್ಯಾಮೆರಾ ಕೊಡುವ ಅಂಕ ಏರಿತು. ಮೊದಲ ವಾರ ನೂರಕ್ಕೆ ಎಪ್ಪತ್ತು ಬಂತು. ಎರಡನೆಯ ವಾರ ತೊಂಬತ್ತು. ಮೂರನೆಯ ವಾರ ನೂರಕ್ಕೆ ನೂರು. ವ್ಯಾಪಾರಿ ಅವನ ಫೋಟೋವನ್ನು ಆಫೀಸಿನ ಗೋಡೆಗೆ ತೂಗುಹಾಕಿಸಿ, ಉಳಿದ ಹನ್ನೊಂದು ಜನರಿಗೆ, "ನೋಡಿ ಕಲೀರಿ" ಎಂದ.

ನಾಲ್ಕನೆಯ ವಾರ ಅವನು ಮೆಕ್ಕೆಜೋಳದ ಲೋಡು ತೆಗೆದುಕೊಂಡು ಒಂದು ಗೋದಾಮಿಗೆ ಹೊರಟ. ಮಟಮಟ ಮಧ್ಯಾಹ್ನ. ಗೋದಾಮಿನ ದಾರಿಯಲ್ಲಿ ಹಳ್ಳದ ಮೇಲೆ ಒಂದು ಕಿರಿದಾದ ಮೋರಿ, ಮೋರಿಯ ಎಡಗಡೆ ಕಟ್ಟೆ ಇಲ್ಲ. ಮೊದಲು ನೂರು ಸಲ ದಾಟಿದ ಮೋರಿ ಅದು. ನೂರು ಸಲವೂ ಕೇಳಿಯೇ ದಾಟಿದ್ದ.

ಈ ಸಲವೂ ಕೇಳಬೇಕೆನಿಸಿತು. ತುಟಿ ಅರ್ಧ ತೆರೆದವು. ಎದುರಿಗೆ ಆ ಗಾಜಿನ ಕಣ್ಣು ಕಾಣಿಸಿತು. ತುಟಿ ಮುಚ್ಚಿದವು. ಎಡಕ್ಕೆ ವಾಲಬೇಕೆನಿಸಿತು. ಕತ್ತು ಕೇಳಲಿಲ್ಲ.

ಹಿಂದಿನ ಎಡಚಕ್ರ ಜಾರಿತು. ಲಾರಿ ಹೊಂಡಕ್ಕಿಳಿದ ಎಮ್ಮೆಯ ಹಾಗೆ ನಿಧಾನವಾಗಿ ಮಗ್ಗುಲಾಯಿತು. ಮೆಕ್ಕೆಜೋಳ ಹಳ್ಳ ಸೇರಿತು. ಡ್ರೈವರನ ಮೊಣಕಾಲು ಸ್ಟೀರಿಂಗಿನ ಕೆಳಗೆ ಸಿಕ್ಕಿ ಮುರಿಯಿತು. ಜೀವ ಉಳಿಯಿತು, ಆದರೆ ಆ ಕಾಲು ಮತ್ತೆಂದೂ ಕ್ಲಚ್ ಒತ್ತಲಿಲ್ಲ.

ಮನೆಗೆ ಹೋಗಿದ್ದ ಕ್ಲೀನರ್ ಸುದ್ದಿ ಕೇಳಿ, ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆಗೆ ಬಂದ. ಮಂಚದ ಎಡಗಡೆ ಕೂತ. ಅವನು ಕೇಳಿದ್ದು ಇಷ್ಟೇ: "ಎಡಕ್ಕೆ ಹೇಗಿದೆ ಅಂತ ಕೇಳಬಾರದಿತ್ತೇನೋ?"

ಇತ್ತ ಆಫೀಸಿನಲ್ಲಿ ವ್ಯಾಪಾರಿ ಕ್ಯಾಮೆರಾದಲ್ಲಿ ಮೂಡಿದ್ದನ್ನು ಮೂರು ಸಲ ನೋಡಿದ. ತಪ್ಪು ಸಿಗಲಿಲ್ಲ. ಡ್ರೈವರನ ಬಾಯಿ ಮುಚ್ಚಿತ್ತು. ಕೈ ಎರಡೂ ಸ್ಟೀರಿಂಗಿನ ಮೇಲಿದ್ದವು. ಕತ್ತು ನೆಟ್ಟಗಿತ್ತು. ಲಾರಿ ಮಗುಚುವ ಗಳಿಗೆಯವರೆಗೂ ನೂರಕ್ಕೆ ನೂರು.

ಗುರುಗಳು ಕತೆ ನಿಲ್ಲಿಸಿ ತಣ್ಣಗಾದ ಟೀ ಕುಡಿದರು.

ಚೆನ್ನವೀರನ ಪರದೆಯ ಮೇಲೂ ದಿನಾ ತುಟಿಗಳು ಅಲ್ಲಾಡುತ್ತಿದ್ದವು. ಕೆಂಪು ಗುರುತು ಬಿದ್ದಾಗಲೆಲ್ಲ ಅವನು ಎಣಿಸಿದ್ದನೇ ಹೊರತು, ಅವು ಏನು ಹೇಳುತ್ತಿರಬಹುದೆಂದು ಯೋಚಿಸಿರಲಿಲ್ಲ. ಆದರೂ ಅವನಿಗೆ ಒಂದು ಮಾತು ಉಳಿದಿತ್ತು.

"ಆದರೆ ಗುರುಗಳೇ, ಕ್ಯಾಮೆರಾ ಸುಳ್ಳು ಹೇಳಲಿಲ್ಲ. ಡ್ರೈವರನೂ ನಿದ್ದೆ ಮಾಡಲಿಲ್ಲ. ಕಣ್ಣು ತೆರೆದೇ ಇತ್ತು. ಮತ್ತೆ ಲಾರಿ ಬಿದ್ದದ್ದು ಹೇಗೆ?"

ಜಂಬ ಕೊಚ್ಚುವಾಗ ಏರುತ್ತಿದ್ದ ಗುರುಗಳ ದನಿ ಈಗ ಏರಲಿಲ್ಲ. ಚೆನ್ನವೀರನ ಕೈ ನೋಟಿಸಿದ್ದ ಜೇಬಿನ ಮೇಲಿತ್ತು. ಉತ್ತರ ಕೇಳಿದ ಮೇಲೂ ಅದು ಅಲ್ಲೇ ಇತ್ತು, ಪೆನ್ನಿನ ಕಡೆಗೆ ಹೋಗಲಿಲ್ಲ. ಗುರುಗಳು ಹೇಳಿದ್ದು ಇಷ್ಟು:

"ವ್ಯಾಪಾರಿ ಕ್ಯಾಮೆರಾವನ್ನು ನೋಡುತ್ತಿದ್ದ, ಕ್ಯಾಮೆರಾ ಡ್ರೈವರನನ್ನು ನೋಡುತ್ತಿತ್ತು, ಡ್ರೈವರನೂ ತನ್ನನ್ನೇ ನೋಡಿಕೊಳ್ಳುತ್ತಿದ್ದ, ರಸ್ತೆ ನೋಡುತ್ತಿದ್ದವರು ಯಾರಪ್ಪಾ?"