ನಲವತ್ತನೆಯ ಯಂತ್ರ

“ಗುರುಗಳೇ, ಗಳಿಗೆಗೊಮ್ಮೆ ನನ್ನ ಮನಸ್ಸನ್ನು ನಾನೇ ಕಾಯುತ್ತೇನೆ. ಎಷ್ಟು ಮುಂದೆ ಬಂದೆ, ಎಲ್ಲಿ ಜಾರಿದೆ, ಎಲ್ಲವನ್ನೂ ಬರೆದಿಡುತ್ತೇನೆ. ಆರು ವರ್ಷವಾಯಿತು, ಇದ್ದಲ್ಲೇ ಇದ್ದೇನೆ. ನನ್ನ ಕಾವಲಿನಲ್ಲಿ ಕೊರತೆ ಎಲ್ಲಿದೆ?”

ಕೇಳಿದವನು ಗವಿಸಿದ್ಧ. ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮಠ ಬಿಟ್ಟು ಹೋಗುವುದೆಂದು ಗಟ್ಟಿಮಾಡಿಕೊಂಡೇ ಬಂದಿದ್ದ. ಗುರುಗಳು ಮಠ ಸೇರುವ ಮುಂಚೆ ಹತ್ತೂರು ಅಲೆದು ಹತ್ತು ಕೆಲಸ ಮಾಡಿದವರು. ಅವರು ಕತೆ ಹೇಳಿದರು.

ಒಂದು ಊರಿನಲ್ಲಿ ಯಂತ್ರ ಕಾಯುವವನೊಬ್ಬನಿದ್ದ. ಅಲ್ಲಿನ ದೊಡ್ಡಾಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಅವನೇ ದಿಕ್ಕು. ಅವನ ಕೋಣೆಯಲ್ಲಿದ್ದದ್ದು ಕಬ್ಬಿಣದ ಎರಡೇ ಪೆಟ್ಟಿಗೆ, ಒಂದು ಹಳೆಯದು, ಒಂದು ಹೊಸದು. ಹಳೆಯದರೊಳಗೆ ನಲವತ್ತು ಯಂತ್ರಗಳು ಕೆಲಸ ಮಾಡುತ್ತಿದ್ದವು. ಒಂದಕ್ಕೂ ಮೈಯಿಲ್ಲ, ಬರಿಯ ಸಾಫ್ಟ್‌ವೇರಿನಲ್ಲಿ ಕಟ್ಟಿದ ಕಂಪ್ಯೂಟರುಗಳು. ಬಿಚ್ಚಿ ನೋಡಿದರೆ ಸಿಗುವುದಿಲ್ಲ. ಆದರೂ ಪ್ರತಿಯೊಂದೂ ಈ ಪೆಟ್ಟಿಗೆ ಪೂರಾ ತನ್ನದೇ ಎಂದು ತಿಳಿದು ದುಡಿಯುತ್ತಿತ್ತು.

ಒಂದು ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಹಳೆಯ ಪೆಟ್ಟಿಗೆಯ ಫ್ಯಾನುಗಳು ಕೆಟ್ಟವು. ಕಾವು ಏರತೊಡಗಿತು. ಇನ್ನೊಂದು ತಾಸಿನಲ್ಲಿ ಅದು ತಾನಾಗಿ ನಿಂತುಹೋಗುತ್ತಿತ್ತು. ಕಾಯುವವನು ಒಳಗಿನ ಯಂತ್ರಗಳನ್ನು ಹೊಸ ಪೆಟ್ಟಿಗೆಗೆ ದಾಟಿಸಲು ಕೂತ. ಕೆಲಸ ನಿಲ್ಲಿಸದೆಯೇ ದಾಟಿಸುವ ವಿದ್ಯೆ ಅದು. ಯಂತ್ರದ ನೆನಪನ್ನು ಹಾಳೆ ಹಾಳೆಯಾಗಿ ನಕಲು ಮಾಡಬೇಕು. ಅಷ್ಟರಲ್ಲಿ ಯಂತ್ರ ಕೆಲವು ಹಾಳೆ ತಿದ್ದಿರುತ್ತದೆ, ಅವನ್ನು ಮತ್ತೆ ನಕಲು ಮಾಡಬೇಕು. ಬಾಕಿ ಕಡಿಮೆಯಾಗುತ್ತ ಆಗುತ್ತ ಬೆರಳೆಣಿಕೆಗೆ ಇಳಿದಾಗ, ಕಣ್ಣು ಮಿಟುಕುವುದಕ್ಕಿಂತ ಕಡಿಮೆ ಹೊತ್ತು ಯಂತ್ರ ಉಸಿರು ಹಿಡಿಯುತ್ತದೆ. ಉಸಿರು ಬಿಡುವಾಗ ಅದು ಹೊಸ ಪೆಟ್ಟಿಗೆಯಲ್ಲಿರುತ್ತದೆ.

ಮೂವತ್ತೊಂಬತ್ತು ದಾಟಿದವು. ನಲವತ್ತನೆಯದು ರಕ್ತನಿಧಿಯದು. ಯಾವ ರೋಗಿಗೆ ಯಾವ ರಕ್ತ ಎಂದು ಅದು ಹೇಳದೆ ಒಂದು ಚೀಲವೂ ಹೊರಗೆ ಹೋಗುವಂತಿರಲಿಲ್ಲ. ಅದು ಮಾತ್ರ ದಾಟಲೊಲ್ಲದು.

ನಿಲ್ಲಿಸಿ, ಹೊಸದರಲ್ಲಿ ಮತ್ತೆ ಶುರು ಮಾಡಲು ಕಾಲು ತಾಸು ಬೇಕಿತ್ತು. ಅದಕ್ಕೆ ಅಪ್ಪಣೆ ಕೇಳಲು ರಕ್ತನಿಧಿಯ ನರ್ಸಮ್ಮನಿಗೆ ಫೋನು ಮಾಡಿದ. ಹೆರಿಗೆ ಕೋಣೆಯಲ್ಲಿ ಒಬ್ಬ ತಾಯಿಗೆ ರಕ್ತ ನಿಲ್ಲುತ್ತಿಲ್ಲವೆಂದೂ, ಎರಡು ಚೀಲ ಹೋಗಿವೆಯೆಂದೂ, ಮೂರನೆಯದನ್ನು ಯಾವ ಗಳಿಗೆಗಾದರೂ ಕೇಳಬಹುದೆಂದೂ ಆಕೆ ಹೇಳಿದಳು. ಕಾಲು ತಾಸಲ್ಲ, ಕಾಲು ನಿಮಿಷವೂ ಇಲ್ಲ ಎಂದಳು.

“ಅದೇನಣ್ಣಾ ದಾಟಿಸ್ತೀಯೋ ದಾಟಿಸು. ಶುರು ಮಾಡೋ ಮುಂಚೆ ಒಂದು ಮಾತು ಹೇಳು, ನಾನು ಉಸಿರು ಬಿಗಿಹಿಡಿದು ಕೂತ್ಕೋತೀನಿ.”

ಅವನು ಮತ್ತೆ ಕೂತ. ಬಾಕಿ ಹಾಳೆಗಳು ಸಾವಿರಕ್ಕೆ ಇಳಿಯುತ್ತಿದ್ದವು, ಲಕ್ಷಕ್ಕೆ ಏರುತ್ತಿದ್ದವು. ಅವನು ನಕಲು ಮಾಡುವುದಕ್ಕಿಂತ ಜೋರಾಗಿ ಯಂತ್ರ ಬರೆಯುತ್ತಿತ್ತು.

ಯಂತ್ರ ಕಾಯುವವರಲ್ಲಿ ಒಂದು ವಾಡಿಕೆ ಇತ್ತು. ದಾಟಿಸುವ ಮುಂಚೆ ಯಂತ್ರದೊಳಗೆ ನಿಗಾ ಇಡುವುದು. ಒಳಗೆ ನಡೆದದ್ದನ್ನೆಲ್ಲ ನಿಗಾ ಗಳಿಗೆ ಗಳಿಗೆಗೂ ಆ ಯಂತ್ರದ ನೆನಪಿನಲ್ಲೇ ಬರೆದುಕೊಳ್ಳುತ್ತದೆ. ಹಿಂದಿನ ವರ್ಷ ಒಂದು ಯಂತ್ರ ನಡುದಾರಿಯಲ್ಲೇ ಸತ್ತುಹೋಗಿತ್ತು. ಮೇಲಿನವರು ಅವನನ್ನು ನಿಲ್ಲಿಸಿಕೊಂಡು, ಕಣ್ಣು ಎಲ್ಲಿಟ್ಟಿದ್ದೆ ಎಂದು ನಾಲ್ಕು ಜನರ ಮುಂದೆ ಕೇಳಿದ್ದರು. ಅಂದಿನಿಂದ ಅವನ ನಿಗಾ ಎಲ್ಲರಿಗಿಂತ ಬಿಗಿ. ಈಗ ಯಂತ್ರ ದಾಟದೆ ಹೋದ ಒಂದೊಂದು ಸಲಕ್ಕೂ ಒಂದೊಂದು ಪಟ್ಟು ಬಿಗಿ ಮಾಡುತ್ತಲೇ ಬಂದಿದ್ದ.

ಕಡೆಗೆ ಯಾವ ಹಾಳೆಗಳು ಬದಲಾಗುತ್ತಿವೆ ಎಂದು ಹುಡುಕಿದ. ರಕ್ತದ ಕೆಲಸದ್ದು ನೂರಕ್ಕೆ ಮೂರೂ ಇರಲಿಲ್ಲ. ಉಳಿದದ್ದೆಲ್ಲ ಅವನ ನಿಗಾ ಬರೆದದ್ದು.

ನಿಗಾ ತೆಗೆದರೆ ಅವನು ಕುರುಡ. ಯಂತ್ರ ನಡುದಾರಿಯಲ್ಲಿ ಸತ್ತರೂ ತಿಳಿಯದು, ನಾಳೆ ಯಾರಾದರೂ ಕೇಳಿದರೆ ತೋರಿಸಲು ಒಂದು ಸಾಲೂ ಇರದು. ಪೆಟ್ಟಿಗೆಯ ಕಾವು ಕಡೆಯ ಗೆರೆಯ ಹತ್ತಿರ ಬಂದಿತ್ತು.

ನಿಗಾ ತೆಗೆದುಬಿಟ್ಟ. ಪರದೆ ಬರಿದಾಯಿತು, ನಕಲು ಮಾತ್ರ ನಡೆದೇ ಇತ್ತು. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತ.

ಎಷ್ಟು ಹೊತ್ತು ಕೂತನೋ ಅವನಿಗೇ ತಿಳಿಯಲಿಲ್ಲ. ಆಮೇಲೆ ಎದ್ದು ಹಳೆಯ ಪೆಟ್ಟಿಗೆಯೊಳಗೆ ಹುಡುಕಿದ. ಒಂದು ಯಂತ್ರವೂ ಇರಲಿಲ್ಲ. ಹೊಸದರಲ್ಲಿ ಹುಡುಕಿದ. ನಲವತ್ತೂ ಇದ್ದವು.

ಫೋನು ಬಂತು. “ಏನಣ್ಣಾ, ಮುಹೂರ್ತ ನೋಡ್ತಾ ಕೂತಿದ್ದೀಯಾ? ಮೂರನೇ ಚೀಲ ಕಳಿಸಿಯೂ ಆಯ್ತು, ಆ ತಾಯಿಗೆ ರಕ್ತ ನಿಂತೂ ಆಯ್ತು. ಯಾವಾಗ ಶುರು ಮಾಡ್ತೀಯಾ?”

“ಆಗಿಹೋಯ್ತಕ್ಕಾ.”

“ಏನಾಯ್ತು?”

ಮೂರನೆಯ ಚೀಲಕ್ಕಾಗಿ ನರ್ಸಮ್ಮ ಆ ತಾಯಿಯ ಹೆಸರು ಒತ್ತುತ್ತಿದ್ದಾಗಲೇ ಅದು ಆಗಿತ್ತು. ಹೆಸರಿನ ಮೊದಲ ಅಕ್ಷರ ಬಿದ್ದದ್ದು ಹಳೆಯ ಪೆಟ್ಟಿಗೆಯಲ್ಲಿ, ಕೊನೆಯ ಅಕ್ಷರ ಬಿದ್ದದ್ದು ಹೊಸದರಲ್ಲಿ. ನಡುವೆ ಆಕೆಯ ಬೆರಳು ತಡೆಯಲಿಲ್ಲ. ತಾನು ಜಾಗ ಬಿಟ್ಟೆನೆಂದು ಯಂತ್ರಕ್ಕೂ ಗೊತ್ತಾಗಲಿಲ್ಲ. ಹನ್ನೆರಡು ವರ್ಷ ಈ ಕೆಲಸ ಮಾಡಿದವನು ಆ ದಿನ ಬರಿದಾದ ಪೆಟ್ಟಿಗೆಯ ಮುಂದೆ ಚಪ್ಪಲಿ ಬಿಟ್ಟು ನಿಂತ.

ಗುರುಗಳು ಕತೆ ಮುಗಿಸಿದರು.

ಗವಿಸಿದ್ಧನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಅದು ದಾಟಿದ್ದನ್ನು ಯಾರೂ ನೋಡಲೇ ಇಲ್ಲವೇ?” ಎಂದ.

“ನೋಡುವವನು ಇದ್ದಷ್ಟು ಹೊತ್ತು ಅದು ದಾಟಲಿಲ್ಲವಲ್ಲ,” ಎಂದರು ಗುರುಗಳು.

ಆ ರಾತ್ರಿ ಗವಿಸಿದ್ಧ ಮಠದಲ್ಲೇ, ಏನನ್ನೂ ಬರೆದಿಡದೆ ಮಲಗಿದ.