ಕೆಂಚವ್ವನ ಎಮ್ಮೆಯ ಗಂಟೆ

ಹ್ಞೂಂಗುಟ್ಟೋರು ಇದ್ದರೆ ಹೇಳ್ತೀನಿ, ಇಲ್ಲದಿದ್ದರೆ ನಾನೂ ಮಲಗ್ತೀನಿ. ಕೆಂಚವ್ವ ಅಂತ ಒಬ್ಬಳಿದ್ದಳು. ಅವಳಿಗೆ ಇದ್ದದ್ದು ಒಂದು ಎಮ್ಮೆ, ಒಬ್ಬ ಮಗ. ಎಮ್ಮೆ ತುಂಬಿದ ಗಬ್ಬ, ಅದಕ್ಕೆ ಚೊಚ್ಚಲು. ಮಗ ತಿಪ್ಪಯ್ಯ ಮೀಸೆ ಬಂದ ಗಂಡಸು, ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಪೆದ್ದ. "ನಾನು ಕಣ್ಣು ಮುಚ್ಚಿದರೆ ಇವನ ಗತಿ ಏನಪ್ಪಾ" ಅಂತ ಅವಳಿಗೆ ಯಾವಾಗಲೂ ಅದೇ ಚಿಂತೆ.

ಒಂದಿನ ತಿಪ್ಪಯ್ಯ ಕಂಚಿನ ತಟ್ಟೆ ಕೈಜಾರಿಸಿದ. ಠಣ್ ಅಂತ ಬಿದ್ದದ್ದು ಗುಂಯ್ ಅಂತಲೇ ಇತ್ತು. ಪಕ್ಕದ ಮನೆ ಕೂಸು ಬೆಚ್ಚಿಬಿದ್ದು ಅಳೋಕೆ ಶುರುಮಾಡ್ತು. ಇವನು ತಟ್ಟೆ ನೋಡ್ತಾ ನಿಂತಿದ್ದ.

"ನಿಂತು ನೋಡ್ತೀಯಲ್ಲೋ, ಮಂಕೇ. ಮುಟ್ಟು, ತಟ್ಟೆ ನಡುಗ್ತಾ ಇಲ್ವಾ? ಆ ನಡುಕದಿಂದಲೇ ಸದ್ದು. ಬಿಗಿಯಾಗಿ ಹಿಡ್ಕೊ. ನಡುಕ ನಿಂತರೆ ಸದ್ದೂ ನಿಲ್ಲುತ್ತೆ" ಅಂದಳು ಕೆಂಚವ್ವ.

"ಹಂಗೇ ಆಗ್ಲಿ ಕಣವ್ವ" ಅಂದ.

ಎಮ್ಮೆ ಈದ ಮೇಲೆ ಹಾಲಿಗೆ ಮಡಕೆ ಬೇಕಲ್ಲ, ಮುಂದಿನ ಸಂತೆಗೆ ಅವನನ್ನೇ ಕಳಿಸಿದಳು. "ತಟ್ಟಿ ನೋಡಿ ತಾ. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಬಿರುಕು." ತಿಪ್ಪಯ್ಯ ಒಂದೊಂದೇ ಮಡಕೆ ಎತ್ತಿದ, ಎದೆಗೆ ಬಿಗಿಯಾಗಿ ಅಪ್ಪಿಕೊಂಡ, ತಟ್ಟಿದ. ಎಲ್ಲವೂ ಡಬ್ ಅಂದವು. "ನಿನ್ನ ಮಡಕೆ ಎಲ್ಲಾ ಬಿರುಕು ಕಣಕ್ಕ" ಅಂದ, ನಾಲ್ಕು ಜನರ ಮುಂದೆ. ಕುಂಬಾರಗಿತ್ತಿ ಕೋಲು ಹಿಡಿದು ಅಟ್ಟಿಸಿಕೊಂಡು ಬಂದಳು. ಬರಿಗೈಲಿ ಮನೆ ಸೇರಿದ.

"ಅಪ್ಪಿಕೊಂಡರೆ ಅದು ಹೆಂಗೋ ನಡುಗುತ್ತೆ?" ಅಂತ ಕೆಂಚವ್ವ ಹಣೆ ಚಚ್ಚಿಕೊಂಡಳು. "ಸದ್ದು ಬೇಕಂದ್ರೆ ನಡುಗೋಕೆ ಬಿಡಬೇಕು. ಬೆರಳ ತುದೀಲಿ ಅಂಚು ಹಿಡೀಬೇಕು. ಸುತ್ತ ಏನೂ ತಗಲಬಾರದು."

"ಹಂಗೇ ಆಗ್ಲಿ ಕಣವ್ವ."

ಅಷ್ಟರಲ್ಲಿ ಅವಳಿಗೆ ಚಳಿಜ್ವರ ಬಂತು. ಹಲ್ಲು ಕಟಕಟ ಅನ್ನುತ್ತೆ, ಮೈ ಗಡಗಡ ನಡುಗುತ್ತೆ. "ನನ್ನ ನೋಡ್ಕೊಳೋ ಮಗಾ" ಅಂದಳು. ಇವನು ಮೈಮೇಲಿದ್ದ ಕಂಬಳೀನೂ ಎಳೆದು ಆಚೆ ಹಾಕಿ, ಅವಳ ಬಾಯಿ ಹತ್ತಿರ ಕಿವಿ ಇಟ್ಟು ಕೂತ.

"ಏನೋ ಮಾಡ್ತಿದ್ದೀಯ?"

"ಏನೂ ತಗಲಬಾರದಲ್ಲವ್ವ. ಸದ್ದು ಚೆನ್ನಾಗಿ ಬರ್ತಿದೆ, ಹಲ್ಲಿಂದ."

ಬಯ್ಯೋಕೂ ಶಕ್ತಿ ಇಲ್ಲದೆ ಅತ್ತುಬಿಟ್ಟಳು, ಪಾಪ. ಅದೇ ಸಂಜೆ ಊರ ದನ ಎಲ್ಲಾ ಮನೆಗೆ ಬಂದವು, ಎಮ್ಮೆ ಬರಲಿಲ್ಲ. ಕುರುಚಲು ಕಾಡಲ್ಲಿ ಒಂಟಿಯಾಗಿ ಈದರೆ ತೋಳ ಬಿಡ್ತಾವಾ? ಕೆಂಚವ್ವ ಏಳೋಕೆ ಹೋದಳು, ಕುಸಿದಳು.

"ನೀನೇ ಹೋಗಬೇಕು ಮಗಾ. ಅದರ ಕೊರಳ ಗಂಟೆ ನಡುಗಿದರೆ ಸುತ್ತಲ ಗಾಳೀನೂ ನಡುಗುತ್ತೆ. ಆ ನಡುಕ ಬಂದು ನಿನ್ನ ಕಿವಿಗೆ ತಾಕುತ್ತೆ. ಹತ್ತಿರ ಹೋದಷ್ಟೂ ಸದ್ದು ಜೋರಾಗುತ್ತೆ. ಸದ್ದು ಹಿಡಿದು ಹೋಗು. ಸಿಕ್ಕ ಮೇಲೆ ಗಂಟೆ ಹಿಡಿಯಬೇಡ, ಅಪ್ಪಬೇಡ. ನಮ್ಮ ಬಾಗಿಲವರೆಗೂ ಅದು ಸದ್ದು ಮಾಡ್ತಾನೇ ಬರಬೇಕು. ಅದು ಕೇಳೋವರೆಗೂ ನನ್ನ ಜೀವದಲ್ಲಿ ಜೀವ ಇರಲ್ಲ ಕಣೋ."

"ಹಂಗೇ ಆಗ್ಲಿ ಕಣವ್ವ."

ಹೋದ. ಹೊತ್ತು ಮುಳುಗಿತು. ಕೆಂಚವ್ವ ಕಿವಿ ಬಾಗಿಲಿಗೇ ಇಟ್ಟು ಮಲಗಿದ್ದಳು. ಒಂದು ಗಾಡಿ ಹೋಯ್ತು. ನಾಯಿ ಬೊಗಳಿತು. ಗಂಟೆ ಇಲ್ಲ. ಎಮ್ಮೆ ಹೋಯ್ತೋ, ಮಗನೂ ಹೋದನೋ, ಯಾಕಾದರೂ ಕಳಿಸಿದೆನೋ ಅಂತ ಸಂಕಟಪಟ್ಟಳು.

ಆಗ ದೂರದಲ್ಲಿ ಕಿಣಿಕಿಣಿ ಅಂತು. ಆಮೇಲೆ ಸ್ವಲ್ಪ ಜೋರಾಯ್ತು. ಆಮೇಲೆ ಇನ್ನೂ ಜೋರು. ಜ್ವರ ಮರೆತು ಎದ್ದಳು. ಗೋಡೆ ಹಿಡಿದು ಹೋಗಿ ಬೂಸ ಕಲೆಸಿಟ್ಟಳು, ಲಾಟೀನು ಎತ್ತಿಕೊಂಡಳು, ಬಾಗಿಲು ತೆಗೆದಳು.

ತಿಪ್ಪಯ್ಯ ನಿಂತಿದ್ದ. ಗಂಟೆ ಅವನ ಕೊರಳಲ್ಲಿತ್ತು. ಏದುಸಿರು ಬಿಡ್ತಾ ಇನ್ನೂ ಕುಪ್ಪಳಿಸ್ತಾನೇ ಇದ್ದ.

"ಎಮ್ಮೆ ಎಲ್ಲೋ?"

"ಕರು ಹಾಕಿ ಮಲಗಿಬಿಡ್ತು ಕಣವ್ವ. ಅಲ್ಲಾಡಲೇ ಇಲ್ಲ, ಗಂಟೆ ನಿಂತೇಹೋಯ್ತು. ಅದಕ್ಕೇ ಬಿಚ್ಚಿ ನಾನೇ ಕಟ್ಟಿಕೊಂಡೆ. ದಾರೀಲಿ ಒಂದು ಸಲಾನೂ ನಿಲ್ಲಿಸಲಿಲ್ಲ."

"ಯಾವ ಕಡೆ? ಎಲ್ಲಿ ಬಿಟ್ಟೆ ಅದನ್ನ?" ಕೆಂಚವ್ವ ಕಂಬಳಿ ಹೊದ್ದು ಅಂಗಳಕ್ಕಿಳಿದಳು. ಹೊರಗೆ ಗವ್ವನೆ ಕತ್ತಲು.

"ಅದೇ, ಗಂಟೆ ಸದ್ದು ಬರ್ತಿತ್ತಲ್ಲ, ಆ ಕಡೆ."

ಅಂದವನೇ ಕೊರಳ ಗಂಟೆಯನ್ನ ಸದ್ದಾಗದ ಹಾಗೆ ಬಿಗಿಯಾಗಿ ಹಿಡಿದುಕೊಂಡು, ಕತ್ತಲಿಗೆ ಕಿವಿಗೊಟ್ಟು ನಿಂತ.

"ತಾಳವ್ವ, ಈಗ ಕೇಳಿಸುತ್ತೆ" ಅಂದ.