ದರ್ಜಿ ರಿಪೇರಿ ಮಾಡಿದ ಕಾರು

"ಬುದ್ಧಿ, ನನ್ನ ಹತ್ತಿರ ಒಂದು ಹಳೆಯ ಕಾರಿದೆ. ರಿಪೇರಿ ಮಾಡಿಸಲೋ, ಮಾರಿಬಿಡಲೋ?" ಎಂದು ನಿಜಗುಣ ಕೇಳಿದ.

ಮಠದ ಜಗಲಿಯಲ್ಲಿ ಕೂತಿದ್ದ ಉಳಿದ ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿ ಜನ ಕೇಳುತ್ತಿದ್ದದ್ದು ಮುಕ್ತಿಯ ವಿಷಯ, ಮನಸ್ಸಿನ ವಿಷಯ. ಕಾರಿನ ವಿಷಯ ಕೇಳಿದವನು ಇವನೇ ಮೊದಲು. ನಿಜಗುಣನಿಗೂ ನಾಚಿಕೆಯಾಯಿತು. ಆದರೆ ಆಡಿದ ಮಾತು ಆಡಿಯಾಗಿತ್ತು.

ಗುರುಗಳು ನಗಲಿಲ್ಲ. "ಎಷ್ಟು ಹಳೆಯದಪ್ಪಾ?" ಎಂದರು.

"ನಾನು ಹುಟ್ಟುವುದಕ್ಕಿಂತ ಮೊದಲಿನದು ಬುದ್ಧಿ. ಗುಜರಿಯಿಂದ ತಂದದ್ದು. ನಾನೂ ನಮ್ಮಣ್ಣನೂ ಸೇರಿ ಓಡುವ ಹಾಗೆ ಮಾಡೋಣ ಅಂತ ಶುರುಮಾಡಿದೆವು. ಅಣ್ಣ ಪ್ರತಿ ಭಾನುವಾರ ಬರುತ್ತಿದ್ದ. ಅವನ ಕೈ ಬಹಳ ನಿಧಾನ. ಒಂದು ದಿನ ನನಗೆ ರೇಗಿಹೋಯಿತು. 'ನಿನ್ನ ಕೈಗೆ ಕೊಟ್ಟರೆ ಇದು ನನ್ನ ಮೊಮ್ಮಕ್ಕಳ ಕಾಲಕ್ಕೆ ಓಡುತ್ತೆ' ಅಂದುಬಿಟ್ಟೆ. ಅವತ್ತಿನಿಂದ ಬಂದಿಲ್ಲ. ಈಗ ಇಂಜಿನ್ನು ಒಂದು ಮೂಲೆ, ಬಾಗಿಲು ಒಂದು ಮೂಲೆ. ಗ್ಯಾರೇಜಿನವರು ನಾವು ಮಾಡಿಕೊಡುತ್ತೇವೆ ಅನ್ನುತ್ತಾರೆ. ಇನ್ನೊಬ್ಬರು ಇದ್ದ ಹಾಗೇ ಕೊಳ್ಳುತ್ತೇವೆ ಅನ್ನುತ್ತಾರೆ. ನಾಳೆ ಮಾತು ಕೊಡಬೇಕು."

"ಅಣ್ಣ ಏನನ್ನುತ್ತಾನೆ?"

"ಅವನನ್ನು ಕೇಳಿಲ್ಲ ಬುದ್ಧಿ. ಫೋನು ಮಾಡಿದರೆ 'ಹೂಂ', 'ಸರಿ', ಅಷ್ಟೇ. ಅದಿರಲಿ, ಕಾರಿನದು ಹೇಳಿ."

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಒಂದು ಹಳೆಯ ಕಾರಿತ್ತು. ಅದು ಓಡುತ್ತಿರಲಿಲ್ಲ. ಎಂದಾದರೊಂದು ದಿನ ಅದನ್ನು ಓಡಿಸಬೇಕೆಂಬುದು ವ್ಯಾಪಾರಿಯ ಆಸೆ.

ಅದೇ ಬೀದಿಯಲ್ಲಿ ಒಬ್ಬ ದರ್ಜಿಯಿದ್ದ. ಕಾರಿನ ಸೀಟಿಗೆ ಹೊಸ ಬಟ್ಟೆ ಹೊಲಿಯಲು ವ್ಯಾಪಾರಿ ಅವನನ್ನು ಕರೆಸಿದ. ದರ್ಜಿ ಹೊಲಿದ. ಹೊಲಿದಾದ ಮೇಲೆ ಹೋಗಲಿಲ್ಲ. ಬಾನೆಟ್ಟಿನೊಳಕ್ಕೆ ಬಗ್ಗಿ ನೋಡಿ, "ಸಾವ್ಕಾರ್ರೆ, ಇದೂ ನಮ್ಮ ಹೊಲಿಗೆ ಮಿಷನ್ನಿನ ಹಾಗೇ ಅಲ್ಲವಾ? ಎಣ್ಣೆ ಬಿಟ್ಟು ತಿರುಗಿಸಿದರೆ ತಿರುಗಬೇಕು" ಎಂದ. ಮರುದಿನ ಸಂಜೆ ಅಂಗಡಿ ಮುಚ್ಚಿ ಮತ್ತೆ ಬಂದ. ಆಮೇಲೆ ಅದೇ ರೂಢಿಯಾಯಿತು.

ಇಬ್ಬರಿಗೂ ಕಾರಿನ ವಿದ್ಯೆ ತಿಳಿಯದು. ಒಬ್ಬ ಬಿಚ್ಚೋಣವೆಂದರೆ ಇನ್ನೊಬ್ಬ ಬಿಗಿಯೋಣವೆನ್ನುವನು. ಜೋಡಿಸಿ ಮುಗಿಸುವ ಹೊತ್ತಿಗೆ ಒಂದು ನಟ್ಟು ಕೈಯಲ್ಲೇ ಉಳಿದಿರುತ್ತಿತ್ತು.

"ಇದು ಎಲ್ಲಿಯದಯ್ಯಾ?" ಎಂದು ವ್ಯಾಪಾರಿ ಕೇಳುವನು.

"ಉಳಿದರೆ ಒಳ್ಳೇದೇ ಸಾವ್ಕಾರ್ರೆ. ಕಡಿಮೆ ಬಿದ್ದರೆ ತಾನೇ ಕಷ್ಟ?"

"ಗಿರಾಕಿಯ ಬಟ್ಟೆ ಉಳಿದಾಗಲೂ ಹೀಗೇ ಅಂದುಕೊಳ್ಳುತ್ತೀಯೇನೋ!"

ದರ್ಜಿ ಹೊಟ್ಟೆ ಹಿಡಿದುಕೊಂಡು ನಗುವನು. ವ್ಯಾಪಾರಿಯ ಹೆಂಡತಿ ಕಾಫಿ ತಂದಿಟ್ಟು, "ಈ ಜಾಗದಲ್ಲಿ ಒಂದು ಎಮ್ಮೆ ಕಟ್ಟಿದ್ದರೆ ಹಾಲಾದರೂ ಕೊಡುತ್ತಿತ್ತು" ಎಂದು ಒಳಗೆ ಹೋಗುವಳು.

ಪ್ರತಿ ವರ್ಷ ಆಯುಧಪೂಜೆ ಬರುತ್ತಿತ್ತು. ಓಡದಿದ್ದರೇನು, ಕಾರು ಕಾರೇ. ಅದನ್ನು ತೊಳೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ಪೂಜೆಯಾದ ಮೇಲೆ ಗಾಡಿ ನಿಂಬೆಹಣ್ಣಿನ ಮೇಲೆ ಹಾಯಲೇಬೇಕು. ಅದು ತಾನಾಗಿ ಹಾಯುವಂತಿರಲಿಲ್ಲ. ಹಾಗಾಗಿ ವ್ಯಾಪಾರಿ ಸ್ಟಿಯರಿಂಗು ಹಿಡಿದು ಕೂರುತ್ತಿದ್ದ. ಹಿಂದಿನಿಂದ ಬೀದಿಯವರೆಲ್ಲ ಕೈಹಚ್ಚಿ ನೂಕುತ್ತಿದ್ದರು. ಮುಂದಾಳು ದರ್ಜಿ. ಅವನು "ಐಸಾ" ಎಂದರೆ ಉಳಿದವರು "ಐಸಾ" ಎನ್ನುವರು. ನಿಂಬೆಹಣ್ಣು ಪಟ್ಟೆನ್ನುವುದು. ಎಲ್ಲರೂ ಕೂಗುವರು. ಮತ್ತೆ ಕಾರನ್ನು ಹಿಂದಕ್ಕೆ ನೂಕಿ ಕೊಟ್ಟಿಗೆಗೆ ಸೇರಿಸುವರು. ಆಮೇಲೆ ಕಡ್ಲೆಪುರಿ ಹಂಚುವರು.

"ಸಾವ್ಕಾರ್ರೆ, ಪ್ರಯಾಣ ಸುಖವಾಗಿತ್ತಾ?" ಎಂದು ದರ್ಜಿ ಕೇಳುವನು.

"ದಾರೀಲಿ ಕುಲುಕಾಟ ಜಾಸ್ತಿ ಕಣಯ್ಯಾ," ಎಂದು ವ್ಯಾಪಾರಿ ಇಳಿಯುವನು.

ಹೀಗೆ ವರ್ಷಗಳು ಹೋದವು. ವ್ಯಾಪಾರಿಗೆ ಒಂದು ದಿನ ಬೇಸರ ಬಂತು. ಸಂತೆಗೆ ಬಂದ ಇನ್ನೊಬ್ಬ ವ್ಯಾಪಾರಿ ಕೊಟ್ಟಿಗೆಗೆ ಇಣುಕಿ, "ಇನ್ನೂ ಇದನ್ನೇ ಕೆರೆಯುತ್ತಾ ಕೂತಿದ್ದೀರಾ?" ಎಂದಿದ್ದ. ಆ ಮಾತು ಚುಚ್ಚಿತು. ಹೆಂಡತಿಯೂ, "ಒಂದೋ ಮಾರಿ, ಇಲ್ಲವೋ ಬಲ್ಲವರ ಕೈಲಿ ಮಾಡಿಸಿ. ನಡುವೆ ನೇತಾಡಬೇಡಿ" ಎಂದಳು. ಮಾರಲು ವ್ಯಾಪಾರಿಗೆ ಮನಸ್ಸು ಬರಲಿಲ್ಲ. ಅವನು ಕಾರನ್ನು ಲಾರಿಗೆ ಹೇರಿಸಿ ಪಟ್ಟಣದ ದೊಡ್ಡ ಗ್ಯಾರೇಜಿಗೆ ಕಳಿಸಿದ. ದರ್ಜಿಗೆ ಹೇಳಲಿಲ್ಲ. ಹಬ್ಬದ ದಿನ ನೋಡಿ ಬೆರಗಾಗಲಿ ಎಂದುಕೊಂಡ.

ಅವತ್ತು ಸಂಜೆ ದರ್ಜಿ ಬಂದ. ಕೊಟ್ಟಿಗೆ ಖಾಲಿ. "ಬಲ್ಲವರ ಕೈಗೆ ಕೊಟ್ಟಿದ್ದೇನೆ ಕಣಯ್ಯಾ, ಇನ್ನು ನಿನಗೂ ನನಗೂ ಪಾಡು ತಪ್ಪಿತು" ಎಂದ ವ್ಯಾಪಾರಿ.

"ಒಳ್ಳೇದಾಯಿತು ಬಿಡಿ ಸಾವ್ಕಾರ್ರೆ," ಎಂದ ದರ್ಜಿ. ಕಾಫಿಗೆ ಕಾಯಲಿಲ್ಲ.

ಹಬ್ಬದ ಹೊತ್ತಿಗೆ ಕಾರು ಬಂತು. ತಾನಾಗಿಯೇ ಓಡಿಕೊಂಡು ಬಂತು. ಪೂಜೆಯಾಯಿತು. ಬೀದಿಯವರು ಎಂದಿನಂತೆ ಅಂಗಿಯ ತೋಳು ಮಡಿಸಿಕೊಂಡು ಕಾರಿನ ಹಿಂದೆ ಬಂದು ನಿಂತರು. ದರ್ಜಿಯೂ ನಿಂತ. ವ್ಯಾಪಾರಿ ಕೀಲಿ ತಿರುಗಿಸಿದ. ಇಂಜಿನ್ನು ಗುರ್ ಎಂದಿತು. ನಿಂಬೆಹಣ್ಣು ಪಟ್ಟೆಂದಿತು. ಕಾರು ಬೀದಿಯ ತುದಿಯವರೆಗೂ ಹೋಯಿತು. ಹಿಂದೆ ನಿಂತವರಿಗೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಒಬ್ಬ ಚಪ್ಪಾಳೆ ತಟ್ಟಿದ. ವ್ಯಾಪಾರಿ ತಿರುಗಿ ಬರುವ ಹೊತ್ತಿಗೆ ಅರ್ಧ ಜನ ಮನೆಗೆ ಹೋಗಿದ್ದರು. ಪ್ರಯಾಣ ಸುಖವಾಗಿತ್ತೇ ಎಂದು ಯಾರೂ ಕೇಳಲಿಲ್ಲ.

ಮರುದಿನ ಸಂಜೆ ದರ್ಜಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕೆಲಸವಿಲ್ಲದೆ ಸಾವ್ಕಾರರ ಮನೆಗೆ ಬಂದು ಕೂರುವುದು ದರ್ಜಿಗೆ ಬಾರದು. ಸುಮ್ಮನೆ ಬಾ ಎಂದು ಕರೆಯುವುದು ವ್ಯಾಪಾರಿಗೆ ಬಾರದು. ವ್ಯಾಪಾರದಲ್ಲಿ ಸುಮ್ಮನೆ ಎಂಬುದೇ ಇಲ್ಲವಲ್ಲ. ವ್ಯಾಪಾರಿ ಕಾರು ಹತ್ತಿ ಪಟ್ಟಣಕ್ಕೆ ಹೋಗಿ ಬಂದ. ಸಂತೆಗೆ ಹೋಗಿ ಬಂದ. ಎಲ್ಲರೂ ಕಾರನ್ನು ಹೊಗಳಿದರು. ಸಂಜೆಯಾದರೆ ಕೊಟ್ಟಿಗೆಯಲ್ಲಿ ಒಬ್ಬನೇ ಕೂರುತ್ತಿದ್ದ. ಹೆಂಡತಿ ರೂಢಿಯ ಮೇಲೆ ಎರಡು ಲೋಟ ಕಾಫಿ ತಂದು, ಒಂದನ್ನು ತಿರುಗಿ ಒಳಕ್ಕೆ ಒಯ್ಯುತ್ತಿದ್ದಳು. ಎಮ್ಮೆಯ ಮಾತು ಎತ್ತುತ್ತಿರಲಿಲ್ಲ.

ಒಂದು ದಿನ ವ್ಯಾಪಾರಿ ಬಾನೆಟ್ಟು ಎತ್ತಿದ. ಇಂಜಿನ್ನಿಗೆ ಕಿಡಿ ಒಯ್ಯುವ ವೈರನ್ನು ಕೈಯಿಂದಲೇ ಕಿತ್ತ. ಚಪ್ಪಲಿ ಮೆಟ್ಟಿಕೊಂಡು ದರ್ಜಿಯ ಅಂಗಡಿಗೆ ಹೋದ.

"ಕಾರು ಕೆಟ್ಟಿದೆ ಕಣಯ್ಯಾ."

"ಕೆಟ್ಟಿತಾ?" ಎಂದ ದರ್ಜಿ. ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಎದ್ದ. "ಅಷ್ಟು ದೊಡ್ಡ ಗ್ಯಾರೇಜಿನವರು ಮಾಡಿದ್ದು ಕೆಟ್ಟಿತಾ?"

"ಅವರಿಗೇನು ಗೊತ್ತು, ಬಾ."

ಇಬ್ಬರೂ ಕೊಟ್ಟಿಗೆಗೆ ಬಂದರು. ದರ್ಜಿ ಬಗ್ಗಿದ. ಕಿತ್ತ ವೈರು ಕಣ್ಣೆದುರೇ ನೇತಾಡುತ್ತಿತ್ತು. ಕುರುಡನ ಕೈಗೂ ಸಿಗುವಂತಿತ್ತು. ದರ್ಜಿ ಅದನ್ನು ಬೆರಳಿನಿಂದ ಮುಟ್ಟಿದ. ಒಮ್ಮೆ ವ್ಯಾಪಾರಿಯ ಮುಖ ನೋಡಿದ. ವ್ಯಾಪಾರಿ ಗೋಡೆ ನೋಡುತ್ತಿದ್ದ.

ದರ್ಜಿ ವೈರನ್ನು ಹಾಗೇ ಬಿಟ್ಟ. ಸುತ್ತು ಹಾಕಿ ಕಾರಿನ ಆ ಕಡೆಗೆ ಹೋದ. ಅಲ್ಲಿ ಯಾವ ತೊಂದರೆಯೂ ಇಲ್ಲದ ಒಂದು ನಟ್ಟನ್ನು ನಿಧಾನವಾಗಿ ಬಿಚ್ಚತೊಡಗಿದ.

"ಇದು ದೊಡ್ಡ ಕೆಲಸ ಸಾವ್ಕಾರ್ರೆ," ಎಂದ. "ಇವತ್ತಿಗೆ ಮುಗಿಯುವಂಥದ್ದಲ್ಲ."

"ನನಗೂ ಹಾಗೇ ಅನ್ನಿಸಿತು," ಎಂದು ವ್ಯಾಪಾರಿ ಅವನ ಪಕ್ಕದಲ್ಲಿ ಕೂತ.

ಗುರುಗಳು ಕತೆ ನಿಲ್ಲಿಸಿದರು. ಜಗಲಿಯಲ್ಲಿ ಯಾರೋ ಮೆಲ್ಲಗೆ ನಕ್ಕರು. ನಿಜಗುಣ ನಗಲಿಲ್ಲ. ಅವನು ನಾಳೆ ಕೊಡಬೇಕಾದ ಮಾತಿನ ಬಗ್ಗೆಯೇ ಯೋಚಿಸುತ್ತಿದ್ದ.

"ಹಾಗಾದರೆ ಕಾರು ಮಾರಬಾರದು ಅಂತಲೇ ಬುದ್ಧಿ?" ಎಂದು ಕೇಳಿದ.

"ಮಾರಪ್ಪಾ, ಬೇಡ ಅನ್ನುವುದಿಲ್ಲ; ಆದರೆ ಆಮೇಲೆ ಏನು ಕೆಟ್ಟಿದೆ ಅಂತ ಹೇಳಿ ಅಣ್ಣನನ್ನು ಕರೆಯುತ್ತೀಯ?" ಎಂದರು ಗುರುಗಳು.